ಆಯ್ಕೆಯ ನಿರಾಕರಣೆ: ಚಲನಚಿತ್ರಕಾರರ ಸಹಕಾರ ಸಂಘಗಳ ವಿಮರ್ಶಾ ನಿಲುವು

ಪ್ರಯೋಗಶೀಲ ಸಿನಿಮಾದ ಚರಿತ್ರೆಯನ್ನು ಬಹುಮಟ್ಟಿಗೆ ಕೃತಿಗಳ ಮತ್ತು ನಿರ್ದೇಶಕರ ಚರಿತ್ರೆಯನ್ನಾಗಿಯೇ ಬರೆಯಲಾಗಿದೆ. ಆ ಕೃತಿಗಳು ಯಾರ ಮೂಲಕ ಪ್ರೇಕ್ಷಕರನ್ನು ತಲುಪಿದವು, ಯಾವ ಕಟ್ಟುಪಾಡಿನಲ್ಲಿ ಉಳಿದುಬಂದವು ಎಂಬ ಪ್ರಶ್ನೆ ಹಿನ್ನೆಲೆಗೆ ಸರಿದಿದೆ. ಪಠ್ಯದ ಬಾಳನ್ನು ಅದರ ಪ್ರಸರಣ ಕ್ರಮವೇ ನಿರ್ಧರಿಸುತ್ತದೆ ಎಂಬುದು ಜಾನಪದ ಅಧ್ಯಯನದ ಮೂಲಭೂತ ತಿಳಿವಳಿಕೆ. ಈ ನೆಲೆಯಿಂದ ನೋಡಿದಾಗ, 1960ರ ದಶಕದಲ್ಲಿ ಕಲಾವಿದರೇ ಕಟ್ಟಿಕೊಂಡ ಸಹಕಾರ ಸಂಘಗಳು ಹೊಸ ಮಹತ್ವ ಪಡೆಯುತ್ತವೆ.

ನ್ಯೂಯಾರ್ಕಿನಲ್ಲಿ ಏಮಸ್ ವೋಗಲ್ 1947ರಲ್ಲಿ ಆರಂಭಿಸಿದ ‘ಸಿನಿಮಾ 16’ ಪ್ರಯೋಗಶೀಲ ಚಿತ್ರಗಳಿಗೆ ದೊಡ್ಡ ಪ್ರೇಕ್ಷಕವರ್ಗವನ್ನು ಒದಗಿಸಿತ್ತು. ಆದರೆ ಅಲ್ಲಿ ವೋಗಲ್ ಅವರ ಅಭಿರುಚಿಯೇ ಅಂತಿಮ. ಸ್ಟ್ಯಾನ್ ಬ್ರಾಕೇಜ್ ಅವರ ‘ಆ್ಯಂಟಿಸಿಪೇಶನ್ ಆಫ್ ದ ನೈಟ್’ (1958) ಅಲ್ಲಿ ಸ್ವೀಕೃತವಾಗದಿದ್ದುದು ಅಸಮಾಧಾನವನ್ನು ಹೆಚ್ಚಿಸಿತು. 1960ರ ಸೆಪ್ಟೆಂಬರಿನಲ್ಲಿ ಜೋನಸ್ ಮೆಕಾಸ್ ಮೊದಲಾದವರು ಸಭೆ ಸೇರಿದರು. ಅದರ ಮುಂದುವರಿಕೆಯಾಗಿ 1962ರ ಹೊತ್ತಿಗೆ ‘ಫಿಲ್ಮ್-ಮೇಕರ್ಸ್ ಕೋಆಪರೇಟಿವ್’ ವಿತರಣೆಗೆ ತೊಡಗಿತು. ಗುಣಮಟ್ಟದ ನೆಪದಲ್ಲಿ ಯಾರ ಚಿತ್ರವನ್ನೂ ನಿರಾಕರಿಸುವಂತಿಲ್ಲ, ಚಿತ್ರದ ಒಡೆತನ ಅದನ್ನು ಮಾಡಿದವರದೇ, ಬಾಡಿಗೆಯ ಹೆಚ್ಚಿನ ಪಾಲು ಅವರಿಗೇ ಸಲ್ಲಬೇಕು ಎಂಬುದು ಅದರ ಕಟ್ಟಳೆ. ಅದರ ಪಟ್ಟಿಯಲ್ಲಿ ಖ್ಯಾತರೂ ಅಜ್ಞಾತರೂ ಅಕಾರಾದಿಯಲ್ಲಿ ಒಟ್ಟಿಗೆ ನಿಂತರು.

ಇದನ್ನು ವಿಮರ್ಶೆಯ ಗೈರುಹಾಜರಿ ಎಂದು ಬಗೆದವರುಂಟು. ವಾಸ್ತವದಲ್ಲಿ ಇದೂ ಒಂದು ವಿಮರ್ಶಾ ನಿಲುವೇ. ಸಂಗ್ರಹಕಾರನು ‘ದುರ್ಬಲ’ವೆಂದು ಕೈಬಿಟ್ಟ ಪಾಠಾಂತರವೇ ಮುಂದಿನ ತಲೆಮಾರಿನ ಸಂಶೋಧಕನಿಗೆ ಮುಖ್ಯ ಆಕರವಾಗಬಹುದು. ಬೆಲೆ ಕಟ್ಟುವುದಕ್ಕೆ ಮೊದಲು ಉಳಿಸಿಕೊಳ್ಳಬೇಕೆಂಬ ಈ ಎಚ್ಚರವೇ ಸಂಘದ ಕಟ್ಟಳೆಯಲ್ಲೂ ಇದೆ. ಅದಕ್ಕೆ ತೆರಬೇಕಾದ ಬೆಲೆಯೂ ಇತ್ತು. 1964ರಲ್ಲಿ ಜ್ಯಾಕ್ ಸ್ಮಿತ್ ಅವರ ‘ಫ್ಲೇಮಿಂಗ್ ಕ್ರೀಚರ್ಸ್’ ಚಿತ್ರವನ್ನು ಅಶ್ಲೀಲವೆಂದು ಪೊಲೀಸರು ವಶಪಡಿಸಿಕೊಂಡರು. ಪ್ರದರ್ಶನ ಏರ್ಪಡಿಸಿದ್ದ ಮೆಕಾಸ್ ಬಂಧನಕ್ಕೊಳಗಾದರು.

ಗಮನಾರ್ಹ ಸಂಗತಿಯೆಂದರೆ, ಇದೇ ಮೆಕಾಸ್ 1970ರಲ್ಲಿ ತೆರೆದ ‘ಆಂಥಾಲಜಿ ಫಿಲ್ಮ್ ಆರ್ಕೈವ್ಸ್’ನ ಸ್ಥಾಪಕರಲ್ಲೊಬ್ಬರು. ಅಲ್ಲಿ ಐವರ ಸಮಿತಿಯೊಂದು ಸುಮಾರು 330 ಚಿತ್ರಗಳನ್ನು ‘ಎಸೆನ್ಷಿಯಲ್ ಸಿನಿಮಾ’ ಎಂದು ಆರಿಸಿತು. ಐವರೂ ಪುರುಷರು, ಪಟ್ಟಿಯಲ್ಲಿ ಮಹಿಳೆಯರು ವಿರಳ. ಆಶ್ರಯದಾತ ಜೆರೋಮ್ ಹಿಲ್ 1972ರಲ್ಲಿ ನಿಧನರಾದ ಮೇಲೆ ಈ ಯೋಜನೆ ಪೂರ್ಣಗೊಳ್ಳಲಿಲ್ಲ. ಆದರೂ ಅಪೂರ್ಣ ಪಟ್ಟಿಯೇ ಮಾರ್ಗದ ಅಧಿಕೃತತೆ ಪಡೆಯಿತು. ಮಾರ್ಗ-ದೇಸಿಗಳ ಈ ಸಂಘರ್ಷ ಒಬ್ಬನೇ ವ್ಯಕ್ತಿಯ ಕಾರ್ಯದಲ್ಲಿ ಎದುರುಬದುರಾದುದು ಆಕಸ್ಮಿಕವಲ್ಲ. ಆಯ್ಕೆಯಿಲ್ಲದ ಪಟ್ಟಿಯೆದುರು ಅಪರಿಚಿತ ಪ್ರೇಕ್ಷಕ ಗೊತ್ತಿರುವ ಹೆಸರನ್ನೇ ಹುಡುಕುತ್ತಾನೆ. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಸಮಾನತೆ ಸಿದ್ಧಿಸದು. ಸಹಕಾರ ತತ್ತ್ವದ ಮಿತಿ ಇದು.

1966ರಲ್ಲಿ ಸ್ಥಾಪನೆಯಾದ ಲಂಡನ್ ಸಂಘ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿತರಣೆಯ ಜೊತೆಗೆ ಫಿಲ್ಮ್ ಸಂಸ್ಕರಿಸುವ, ಪ್ರತಿ ತೆಗೆಯುವ ಯಂತ್ರಗಳೂ ಸದಸ್ಯರ ಕೈಗೆ ಬಂದವು. ಮಾಲ್ಕಮ್ ಲ ಗ್ರೀಸ್ ಅವರ ‘ಲಿಟಲ್ ಡಾಗ್ ಫಾರ್ ರೋಜರ್’ (1967) ಮನೆಯ ಹಳೆಯ 9.5 ಮಿ.ಮೀ. ಸುರುಳಿಯಿಂದ ರೂಪುಗೊಂಡ ಚಿತ್ರ. ಫಿಲ್ಮಿನ ತೂತು, ಗೀರು, ಜಾರುವಿಕೆಗಳೇ ಅಲ್ಲಿ ವಸ್ತುವಾಗಿವೆ. ನೇಕಾರನು ತನ್ನ ಮಗ್ಗವನ್ನು ಬಲ್ಲಂತೆ ತನ್ನ ಉಪಕರಣವನ್ನು ಬಲ್ಲ ಕುಶಲಕರ್ಮಿಯ ಸೌಂದರ್ಯಪ್ರಜ್ಞೆ ಇದು.

ಇಂದು ಯಾರು ಬೇಕಾದರೂ ಚಿತ್ರವನ್ನು ಅಂತರ್ಜಾಲಕ್ಕೆ ಏರಿಸಬಹುದು. ಮೇಲ್ನೋಟಕ್ಕೆ ಸಹಕಾರ ಸಂಘದ ಕನಸು ನನಸಾದಂತಿದೆ. ಆದರೆ ಯಾವುದು ಕಾಣಬೇಕು, ಯಾವುದು ಮರೆಯಾಗಬೇಕು ಎಂಬುದನ್ನು ನಿಶ್ಚಯಿಸುವ ವ್ಯವಸ್ಥೆ ಅದನ್ನು ಮಾಡಿದವರ ಕೈಯಲ್ಲಿಲ್ಲ. ಪ್ರವೇಶದ ಮುಕ್ತತೆಗೆ ಒಡೆತನದ ಬೆಂಬಲ ಇಲ್ಲವಾದರೆ ಅದು ಟೊಳ್ಳು. ಈ ಎರಡನ್ನೂ ಒಂದೇ ಕಟ್ಟಳೆಯಲ್ಲಿ ಹಿಡಿದಿಟ್ಟುದೇ ಈ ಸಂಘಗಳ ನಿಜವಾದ ಕೊಡುಗೆ.