ಎಡಕಲ್ಲು: ಹೆಸರಿನ ನಂಟು, ಗೀರಿನ ಸಾಕ್ಷ್ಯ

ಕನ್ನಡ ಓದುಗರಲ್ಲಿ ಹಲವರಿಗೆ ಎಡಕಲ್ಲು ಪರಿಚಿತವಾದುದು ಭಾರತೀಸುತರ ಕಾದಂಬರಿಯಿಂದ ಮತ್ತು ಅದನ್ನಾಧರಿಸಿ ಪುಟ್ಟಣ್ಣ ಕಣಗಾಲರು 1973ರಲ್ಲಿ ತೆರೆಗೆ ತಂದ ಚಿತ್ರದಿಂದ. ವಯನಾಡಿನ ಅಂಬುಕುತ್ತಿ ಬೆಟ್ಟದ ಬಂಡೆಗೋಡೆಗಳ ಕೆತ್ತನೆಗಳ ವಿಚಾರ ಬಂದಾಗ, ಚರ್ಚೆ ಈ ಹೆಸರಿನಲ್ಲೇ ನಿಂತುಬಿಡುವ ಅಪಾಯವಿದೆ.

'ಎಡೆ', 'ಕಲ್ಲು' ಎಂದು ಬಿಡಿಸುವುದು ಕನ್ನಡಕ್ಕೆ ಸಹಜ. ಮಲಯಾಳಕ್ಕೂ ಅಷ್ಟೇ ಸಹಜ. ಎರಡು ಬಂಡೆಗಳ ನಡುವೆ ಸಿಲುಕಿದ ಹೆಗ್ಗಲ್ಲೇ ಇಲ್ಲಿ ಚಾವಣಿ. ಇದು ನಿಜಾರ್ಥದಲ್ಲಿ ಗುಹೆಯಲ್ಲ, ಬಿರುಕು. ಹೆಸರು ಈ ರಚನೆಯನ್ನು ವರ್ಣಿಸುತ್ತದೆಯೇ ಹೊರತು ಕೆತ್ತಿದವರ ಭಾಷೆಯನ್ನು ಹೇಳುವುದಿಲ್ಲ.

1890ರ ದಶಕದಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಇವನ್ನು ಗುರುತಿಸಿ, 1901ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ವಿವರಿಸಿದನು. ಶಿರೋಭೂಷಣವುಳ್ಳ ಮಾನವಾಕೃತಿಗಳು, ಪ್ರಾಣಿಗಳು, ಹೆಣೆದ ಗೆರೆಗಳ ನೆರೆಯಲ್ಲೇ ಬ್ರಾಹ್ಮೀ ಲಿಪಿಯ ಬರಹಗಳೂ ಇವೆ. ಆಕೃತಿಗಳನ್ನು ಸಾಮಾನ್ಯವಾಗಿ ನವಶಿಲಾಯುಗಕ್ಕೆ ಸೇರಿಸಲಾಗುತ್ತದೆ. ಅಕ್ಷರಗಳು ಬಹು ತರುವಾಯದವು. ಹೀಗಿರಲು ಶಾಸನದ ಓದಿನಿಂದ ಆಕೃತಿಗೆ ಅರ್ಥ ಹೊರಡಿಸುವುದೆಂದರೆ ಎರಡು ಕಾಲಗಳನ್ನು ಕಲಸುವುದೇ ಸರಿ.

ಗಡಿನಾಡಿನ ವಿದ್ವತ್ತಿಗೆ ಇದು ಮುಖ್ಯ. ವಯನಾಡಿನಲ್ಲಿ ಕನ್ನಡದ ನೆಲೆಯನ್ನು ತೋರಿಸಲು ಅಲ್ಲಿನ ಮನೆಮಾತುಗಳೂ ಕರ್ನಾಟಕದಿಂದ ಬಂದ ಜೈನರ ನೆಲೆಗಳೂ ಇವೆ. ಅಕ್ಷರಪೂರ್ವದ ಗೀರುಗಳನ್ನು ಸಾಕ್ಷಿಗೆ ಕರೆಯಬೇಕಾಗಿಲ್ಲ. ಕರೆದರೆ, ಆಧಾರವುಳ್ಳ ವಾದವೂ ಶಂಕೆಗೆ ಗುರಿಯಾಗುತ್ತದೆ. ಎರಡೂ ನುಡಿ ಬಲ್ಲವರಿಂದ ಆಗಬೇಕಾದ ಕೆಲಸವೇ ಬೇರೆ: ಸುತ್ತಲಿನ ಸಮುದಾಯಗಳು ಆ ಬಂಡೆಯ ಬಗ್ಗೆ ಹೇಳುವ ಐತಿಹ್ಯಗಳನ್ನು ಅವರವರ ಮಾತಿನಲ್ಲೇ ದಾಖಲಿಸಿ, ಒಟ್ಟಿಗಿಟ್ಟು ಓದುವುದು. ಅವು ಕೆತ್ತಿದವರ ಗುರುತನ್ನು ಹೇಳಲಾರವು; ಕೆತ್ತನೆಯೊಡನೆ ಬಾಳಿದವರ ಚರಿತ್ರೆಯನ್ನು ಹೇಳಬಲ್ಲವು.