‘ಸ್ವಾರ್ಥಿ’ ಎಂಬ ವಿಶೇಷಣದ ಔಚಿತ್ಯ

ಆಕ್ಸ್‌ಫರ್ಡಿನ ಪ್ರಾಣಿಶಾಸ್ತ್ರಜ್ಞರಾದ ರಿಚರ್ಡ್ ಡಾಕಿನ್ಸ್ ಎಂಬವರು 1976ರಲ್ಲಿ ಪ್ರಕಟಿಸಿದ ‘ದಿ ಸೆಲ್ಫಿಷ್ ಜೀನ್’ ಎಂಬ ಆಂಗ್ಲಗ್ರಂಥವು ವಿದ್ಯಾವಂತರಲ್ಲಿ ಇಂದಿಗೂ ಚರ್ಚೆಗೆ ವಿಷಯವಾಗಿರುವುದು. ತಾಯಿಯ ವಾತ್ಸಲ್ಯವೂ ಸೋದರಪ್ರೇಮವೂ ಸ್ನೇಹಧರ್ಮವೂ ಸ್ವಾರ್ಥದ ವೇಷಗಳೇ ಎಂದು ಶಾಸ್ತ್ರವು ಸಾಧಿಸಿರುವುದಾಗಿ, ಈ ಗ್ರಂಥದ ಹೆಸರನ್ನು ಹಿಡಿದು ವಾದಿಸುವ ತರುಣರುಂಟು. ಅದು ದಿಟವಾದರೆ ನಾವು ಮಕ್ಕಳಿಗೆ ಹೇಳಿಕೊಡುವ ನೀತಿಗೆ ನೆಲೆಯೇ ಇಲ್ಲವಾಗುವುದು. ಆದುದರಿಂದ ಗ್ರಂಥದ ಅಭಿಪ್ರಾಯವೇನು, ಅದರ ಹೆಸರು ಅದಕ್ಕೆ ಉಚಿತವೇ ಎಂಬುದನ್ನು ವಿಚಾರಿಸತಕ್ಕದ್ದಾಗಿದೆ.

ಹೆತ್ತವರ ಲಕ್ಷಣಗಳನ್ನು ಮಕ್ಕಳಿಗೆ ಸಾಗಿಸುವ ಸೂಕ್ಷ್ಮಾಂಶಕ್ಕೆ ಜೀನ್, ಎಂದರೆ ವಂಶವಾಹಿ ಎಂದು ಹೆಸರು. ಯಾವ ವಂಶವಾಹಿಯ ಪ್ರತಿಗಳು ತಲೆತಲಾಂತರಕ್ಕೆ ಹೆಚ್ಚುವುವೋ ಅದೇ ಉಳಿಯುವುದು. ಹಾಗಾದರೆ ತನಗೆ ನಷ್ಟವಾದರೂ ಪರರಿಗೆ ಉಪಕರಿಸುವ ಸ್ವಭಾವವು ಅಳಿಯದೆ ನಿಂತುದೆಂತು? 1964ರಲ್ಲಿ ಹ್ಯಾಮಿಲ್ಟನ್ ಎಂಬವರು ಇದಕ್ಕೆ ಗಣಿತದಿಂದ ಉತ್ತರವಿತ್ತರು. ಒಂದು ಜೀವಿಯಲ್ಲಿರುವ ವಂಶವಾಹಿಯು ಅದರ ಒಡಹುಟ್ಟಿನಲ್ಲಿಯೂ ಇರುವ ಸಂಭವ ಎರಡರಲ್ಲೊಂದು. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳಲ್ಲಿ ಎಂಟರಲ್ಲೊಂದು. ಆದುದರಿಂದ ಬಂಧುವಿಗೆ ನೆರವಾಗುವ ಸ್ವಭಾವವು ಬಂಧುವಿನ ಮೂಲಕವೇ ವೃದ್ಧಿ ಹೊಂದಬಹುದು. ಬಂಧುಗಳಲ್ಲದವರ ಪರಸ್ಪರೋಪಕಾರವನ್ನು 1971ರಲ್ಲಿ ಟ್ರಿವರ್ಸ್ ಎಂಬವರು ವಿವರಿಸಿದರು. ಇದಕ್ಕೊಂದು ನಿದರ್ಶನವನ್ನು ಗ್ರಂಥಕರ್ತರು 1989ರ ಆವೃತ್ತಿಯಲ್ಲಿ ಸೇರಿಸಿರುವರು: ರಕ್ತಾಹಾರಿ ಬಾವಲಿಗಳಲ್ಲಿ ಹೊಟ್ಟೆ ತುಂಬಿದುದು ಹಸಿದ ಸಂಗಾತಿಗೆ ರಕ್ತವನ್ನು ಕಕ್ಕಿ ಉಣಿಸುವುದುಂಟು. ಇದನ್ನು ಕೋಸ್ಟರಿಕಾ ದೇಶದಲ್ಲಿ ಕಂಡು 1984ರಲ್ಲಿ ವರದಿ ಮಾಡಿದವರು ವಿಲ್ಕಿನ್‌ಸನ್. ಈ ಭಾಗಗಳ ನಿರೂಪಣೆಯು ಅತ್ಯಂತ ವಿಶದವಾಗಿದೆ.

ಇನ್ನು ಹೆಸರಿನ ವಿಚಾರ. ವಂಶವಾಹಿಗೆ ಮನಸ್ಸಿಲ್ಲ; ಮನಸ್ಸಿಲ್ಲದುದಕ್ಕೆ ಸ್ವಾರ್ಥವೆಲ್ಲಿಯದು? ಇಲ್ಲಿ ಮುಖ್ಯಾರ್ಥಕ್ಕೆ ಬಾಧೆಯುಂಟಾಗಿ ಲಕ್ಷಣೆಯನ್ನು ಹೇಳಬೇಕಾಗುವುದು. ಗಂಗೆಯ ಮೇಲೆ ಗೊಲ್ಲರಹಟ್ಟಿ ಎಂದಾಗ ದಡವೆಂದು ತಿಳಿಯುವಂತೆ, ಇಲ್ಲಿ ‘ಸ್ವಾರ್ಥಿ’ ಎಂದರೆ ‘ತನ್ನ ಪ್ರತಿಗಳು ಹೆಚ್ಚುವಂತೆ ವರ್ತಿಸುವುದು’ ಎಂದಷ್ಟೇ ಅರ್ಥ. ಗ್ರಂಥಕರ್ತರೇ ಈ ವಿವರಣೆಯನ್ನು ಕೊಟ್ಟಿರುವರು. ಆದರೆ ಲಕ್ಷಣೆಗೆ ಪ್ರಯೋಜನವೊಂದಿರಬೇಕು. ಗಂಗೆ ಎಂಬ ಪದವು ದಡಕ್ಕೆ ಶೈತ್ಯಪಾವನತ್ವಗಳನ್ನು ತಂದುಕೊಡುವಂತೆ, ‘ಸ್ವಾರ್ಥಿ’ ಎಂಬುದು ವಂಶವಾಹಿಗೆ ತರುವುದೇನನ್ನು? ನಿಂದೆಯನ್ನು. ಆ ನಿಂದೆಯು ಅಲ್ಲಿಯೇ ನಿಲ್ಲದೆ ಮನುಷ್ಯನಿಗೂ ಹತ್ತುವುದು. ಮೊದಲನೆಯ ಅಧ್ಯಾಯದಲ್ಲಿ ಗ್ರಂಥಕರ್ತರೇ ಜಾರಿ, ನಾವು ಹುಟ್ಟಿನಿಂದಲೇ ಸ್ವಾರ್ಥಿಗಳೆಂಬ ಭಾವದ ಮಾತನ್ನಾಡಿರುವರು. ಮೂವತ್ತು ವರ್ಷಗಳ ತರುವಾಯ, 2006ರ ಮುನ್ನುಡಿಯಲ್ಲಿ, ಆ ವಾಕ್ಯವನ್ನು ಅಳಿಸಿ ಓದಿರೆಂದು ಕೇಳಿಕೊಂಡಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಅಷ್ಟು ಹೊತ್ತಿಗೆ ಆ ಮಾತು ಊರೂರು ತಿರುಗಿ ಬಂದಿದ್ದಿತು.

ಇಲ್ಲಿ ನಡೆದಿರುವ ದೋಷವು ಉತ್ಪತ್ತಿಕಾರಣವನ್ನು ಅಭಿಪ್ರಾಯವೆಂದು ಗ್ರಹಿಸಿದುದು. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದುದು. ಆದರೂ ಪಂಕಜವನ್ನು ತಾ ಎಂದರೆ ಕೆಸರನ್ನು ತರುವವರಿಲ್ಲ. ವಾತ್ಸಲ್ಯವು ಜೀವವಿಕಾಸದ ಯಾವ ಲೆಕ್ಕದಿಂದ ಹುಟ್ಟಿದ್ದರೂ, ಜ್ವರದ ಮಗುವಿನ ಪಕ್ಕದಲ್ಲಿ ಎಚ್ಚರವಾಗಿರುವ ತಾಯಿಯು ಆ ಲೆಕ್ಕವನ್ನು ಮಾಡುತ್ತಿಲ್ಲ. ಅವಳ ಮನಸ್ಸಿನಲ್ಲಿರುವುದು ಮಗುವೇ. ಅನಾಥಶಿಶುವನ್ನು ಸಾಕಿದವಳ ಮನಸ್ಸಿನಲ್ಲಿರುವುದೂ ಅದೇ. ಇನ್ನು, ವಂಶವಾಹಿಗಳ ಒತ್ತಾಯವನ್ನು ಮೀರುವ ಶಕ್ತಿ ಮನುಷ್ಯನಿಗುಂಟೆಂದು ಗ್ರಂಥಕರ್ತರೇ ಹೇಳಿರುವುದನ್ನು ಹೆಸರಿಗೆ ಮರುಳಾದವರು ಓದುವುದೇ ಇಲ್ಲ.

ಗ್ರಂಥವು ಓದತಕ್ಕದ್ದೇ ಸರಿ; ಮನೆಯ ತರುಣರ ಕೈಗೂ ಕೊಡತಕ್ಕದ್ದು. ಆದರೆ ಮುಖಪತ್ರದ ವಿಶೇಷಣವನ್ನು ನೋಡಿ ಮನುಷ್ಯಸ್ವಭಾವಕ್ಕೆ ತೀರ್ಪು ಬರೆಯುವ ಮೊದಲು, ಆ ವಿಶೇಷಣಕ್ಕೆ ವಿಶೇಷ್ಯ ಯಾವುದೆಂದು ಅವರನ್ನು ಒಮ್ಮೆ ಕೇಳುವುದು ಹಿರಿಯರ ಕರ್ತವ್ಯ.