ಉಪೇಕ್ಷೆ ಯಾರಿಗೆ?

ಕನ್ನಡದಲ್ಲಿ ‘ಉಪೇಕ್ಷೆ’ ಅಂದರೆ ಕಡೆಗಣಿಸುವುದು. ಊರು ಕೇರಿಯನ್ನು ಉಪೇಕ್ಷಿಸಿತು, ಸರ್ಕಾರ ಅರ್ಜಿಯನ್ನು ಉಪೇಕ್ಷಿಸಿತು ಅಂತ ಹೇಳ್ತೀವಿ. ಪಾಲಿಯಲ್ಲಿ ಇದೇ ಮಾತು ‘ಉಪೇಕ್ಖಾ’. ಬೌದ್ಧರಿಗೆ ಅದು ದೊಡ್ಡ ಗುಣ. ಕಣ್ಣು, ಕಿವಿ, ಮೂಗು, ನಾಲಗೆ, ಮೈ, ಮನಸ್ಸಿಗೆ ತಾಕಿದ್ದರ ಮುಂದೆ ಹಿಗ್ಗದೆ ಕುಗ್ಗದೆ ನಿಲ್ಲುವ ಸಮಚಿತ್ತ. ತರಗತಿಯಲ್ಲಿ ಇದನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: ‘ಸಾರ್, ಬೈಸಿಕೊಂಡೋನಿಗೇ ಯಾಕೆ ಈ ಪಾಠ? ಬೈದೋನಿಗೆ ಬೇಡ್ವಾ?’ ಅವತ್ತು ನನಗೆ ಉತ್ತರ ಹೊಳೆಯಲಿಲ್ಲ.

ಇದು ನಮ್ಮ ವಿಮರ್ಶೆಯ ಪ್ರಶ್ನೆಯೂ ಹೌದು. ದಲಿತ ಬರವಣಿಗೆಯಲ್ಲಿ ರೋಷ ಹೆಚ್ಚು, ಸಂಯಮ ಕಡಿಮೆ, ಕಲೆಗೆ ಬೇಕಾದ ದೂರ ಇಲ್ಲ ಎನ್ನುವುದು ಹಳೆಯ ಆಕ್ಷೇಪ. ನಮ್ಮಲ್ಲೂ ಕೆಲವರು ಇದೇ ಅಳತೆಗೋಲನ್ನು ತಿರುಗಿಸಿ ಹಿಡಿದು, ರೋಷ ಇದ್ದರೆ ಮಾತ್ರ ದಲಿತ ಕಾವ್ಯ ಅಂತ ತೀರ್ಪು ಕೊಡ್ತಾರೆ. ಸಮಚಿತ್ತ ಅಂದರೆ ನೋವನ್ನು ಕಾಣದೆ ತಣ್ಣಗಿರುವುದು ಎಂದು ಎರಡೂ ಕಡೆಯವರು ಒಪ್ಪಿಕೊಂಡ ಹಾಗಿದೆ. ತಪ್ಪಿರುವುದು ಇಲ್ಲಿಯೇ.

ಮಜ್ಝಿಮ ನಿಕಾಯದ ಕೊನೆಯ, 152ನೆಯ ಸುತ್ತದ ಹೆಸರು ಇಂದ್ರಿಯಭಾವನಾ. ಪಾರಾಸರಿಯ ಎಂಬ ಬ್ರಾಹ್ಮಣನ ಶಿಷ್ಯ ಉತ್ತರ ಬುದ್ಧನ ಬಳಿ ಬರುತ್ತಾನೆ. ಇಂದ್ರಿಯಗಳನ್ನು ಪಳಗಿಸುವುದು ಅಂದರೆ ಕಣ್ಣಿಂದ ನೋಡದಿರುವುದು, ಕಿವಿಯಿಂದ ಕೇಳದಿರುವುದು ಅಂತ ಅವನ ಗುರು ಕಲಿಸಿರುತ್ತಾನೆ. ಹಾಗಾದರೆ ಕುರುಡರೂ ಕಿವುಡರೂ ಇಂದ್ರಿಯ ಗೆದ್ದವರೇ ಆಗಬೇಕಲ್ಲ ಎನ್ನುತ್ತಾನೆ ಬುದ್ಧ. ಉತ್ತರ ತಲೆ ತಗ್ಗಿಸಿ ಸುಮ್ಮನಾಗುತ್ತಾನೆ. ಬುದ್ಧ ಹೇಳುವ ದಾರಿ ಬೇರೆ: ನೋಡು, ಹಿತವೋ ಅಹಿತವೋ ಹುಟ್ಟಿತೆಂದು ತಿಳಿ, ಅದು ಕಾರಣಗಳಿಂದ ಹುಟ್ಟಿದ್ದೆಂದು ಕಾಣು. ಆಗ ಸಮಚಿತ್ತ ನೆಲೆಗೊಳ್ಳುತ್ತದೆ. ಹೀಗೆ ಹುಟ್ಟಿದ ಜಾಗದವರೆಗೆ ಹೋಗಿ ಗಮನಿಸುವುದಕ್ಕೆ ಪಾಲಿಯಲ್ಲಿ ‘ಯೋನಿಸೋ ಮನಸಿಕಾರ’ ಎಂಬ ಮಾತಿದೆ. ಹೇಸಿಗೆ ಅನಿಸಿದ್ದರಲ್ಲಿ ಹೇಸಿಗೆ ಕಾಣದೆ ಇರಬಲ್ಲ ಮನಸ್ಸನ್ನೂ ಈ ಸುತ್ತ ಹೇಳುತ್ತದೆ. ಜಾತಿ ಇರುವ ದೇಶದಲ್ಲಿ ಈ ಮಾತನ್ನು ಸುಮ್ಮನೆ ಓದಿ ದಾಟಲಾಗದು.

ಈ ಕಣ್ಣಿನಿಂದ ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’ ಓದಬೇಕು. 1901ರಲ್ಲಿ ಕೆಲವು ಮಕ್ಕಳು ಸಾತಾರದಿಂದ ತಂದೆಯನ್ನು ಕಾಣಲು ರೈಲಿನಲ್ಲಿ ಹೋಗಿ ಮಸೂರ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಒಳ್ಳೆ ಬಟ್ಟೆ ಹಾಕಿದ್ದಾರೆ. ಸ್ಟೇಷನ್ ಮಾಸ್ತರ ಅಕ್ಕರೆಯಿಂದಲೇ ವಿಚಾರಿಸುತ್ತಾನೆ. ಮಹಾರರು ಎಂದು ಬಾಯಿ ಬಿಟ್ಟ ಕೂಡಲೇ ಅವನ ಮುಖ ಬದಲಾಗಿ ಹೇಸಿಗೆ ತುಂಬುತ್ತದೆ. ಮಕ್ಕಳು ಅವೇ, ಬಟ್ಟೆ ಅದೇ, ಮೈವಾಸನೆಯೂ ಅದೇ. ಅವನ ಹೇಸಿಗೆಗೆ ಕಣ್ಣೂ ಮೂಗೂ ಕಾರಣವಲ್ಲ. ಅದು ಹುಟ್ಟಿದ್ದು ಒಂದು ಶಬ್ದದಿಂದ. ಆ ರಾತ್ರಿ ಮಕ್ಕಳ ಹತ್ತಿರ ಊಟ ಇತ್ತು, ಹಸಿವೂ ಇತ್ತು. ಆದರೂ ಉಣ್ಣದೆ ಮಲಗಿದರು, ಯಾಕೆಂದರೆ ನೀರಿಲ್ಲ. ನೀರು ಯಾಕಿಲ್ಲ ಅಂದರೆ ಅವರು ಅಸ್ಪೃಶ್ಯರು. ಅಂಬೇಡ್ಕರ್ ಇಲ್ಲಿ ಕೂಗಾಡುವುದಿಲ್ಲ. ಒಂದು ಇಲ್ಲದ್ದರಿಂದ ಇನ್ನೊಂದು ಇಲ್ಲ ಅಂತ ಕಾರಣದ ಸರಪಳಿಯನ್ನು ಜೋಡಿಸಿ ಇಡುತ್ತಾರೆ. ಆ ಗದ್ಯದಲ್ಲಿ ನೋವು ಒಂದು ಚೂರೂ ಕಮ್ಮಿಯಾಗಿಲ್ಲ, ಸುಡುವ ಸಿಟ್ಟಿಗೂ ಕಣ್ಣು ಬಂದಿದೆ. ಇದನ್ನೇ ನಾನು ದಲಿತ ಬರಹದ ಉಪೇಕ್ಖಾ ಅಂತ ಕರೀತೀನಿ.

ಇದು ಸಹಿಸಿಕೊಂಡು ಕೂರುವ ಉಪದೇಶವಲ್ಲ ಎನ್ನುವುದಕ್ಕೆ 1927ರ ಮಾರ್ಚ್ 20ರ ಮಹಾಡ್ ಸಾಕ್ಷಿ. ನೀರು ಯಾಕೆ ಸಿಗಲಿಲ್ಲ ಅಂತ ಕಾರಣ ಕಂಡವರು ಚವದಾರ್ ಕೆರೆಗೆ ಹೋಗಿ ನೀರು ಕುಡಿದರು. 1936ರ ‘ಜಾತಿ ವಿನಾಶ’ದಲ್ಲಿ ಜಾತಿಯನ್ನು ಮನಸ್ಸಿನ ಒಂದು ಸ್ಥಿತಿ ಎಂದು ಗುರುತಿಸಿದ ಅಂಬೇಡ್ಕರರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನ ಕಡೆಗೆ ನಡೆದದ್ದು ಆಕಸ್ಮಿಕವಲ್ಲ ಅನ್ನಿಸುತ್ತದೆ.

ಹಾಗಾಗಿ ಆ ಹುಡುಗನಿಗೆ ಈಗ ಉತ್ತರ ಹೇಳಬಲ್ಲೆ. ಪಾಠ ಮೊದಲು ಬೇಕಾಗಿರುವುದು ಸ್ಟೇಷನ್ ಮಾಸ್ತರನಿಗೆ. ಅವನು ತನ್ನ ಹೇಸಿಗೆಯ ಬೇರನ್ನು ನೋಡಿಕೊಳ್ಳಲಿ. ನಮ್ಮ ಬರಹಗಾರರಿಂದ ಸಂಯಮ ಕೇಳುವ ವಿಮರ್ಶಕರೂ ತಮ್ಮ ಮೂಗು ಯಾವ ಸಾಲಿನಲ್ಲಿ ಸಿಂಡರಿಸಿತು, ಯಾಕೆ ಅಂತ ಒಮ್ಮೆ ನೋಡಿಕೊಳ್ಳಲಿ. ಇನ್ನು ನಾವು, ಕವಿತೆಯ ದನಿ ಎಷ್ಟು ಜೋರು ಅಂತ ಅಳೆಯುವುದನ್ನು ಬಿಟ್ಟು, ಅದು ಎಲ್ಲಿಯವರೆಗೆ ನೋಡಿದೆ ಅಂತ ಕೇಳೋಣ.